ಅಕ್ಕನ ಪಾಲಾದ ದಿಬ್ಬ

ಬೇಲೂರಿನಲ್ಲಿ ಯಗಚಿಗೆ ಇಳಿಯುವ ದಾರಿಯ ಪಕ್ಕ ಒಂದು ದಿಬ್ಬವಿತ್ತು. ಹಿಂದೆ ಯಾವಾಗಲೋ ಅಲ್ಲಿ ಹುರುಳಿ ಬಿತ್ತುತ್ತಿದ್ದರಂತೆ. ನಾನು ಕಂಡದ್ದು ಬರೀ ಗರಿಕೆ, ನಡುವೆ ಒಂದು ನೇರಳೆ ಮರ. ಅಲ್ಲಿ ನಿಂತರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಮನೆಗಳ ಹೆಂಚಿನ ಮೇಲಿಂದ ದೇವಸ್ಥಾನದ ಗೋಪುರ. ಊರೆಲ್ಲ ಬೇಸಗೆಯಲ್ಲಿ ಬೇಯುತ್ತಿದ್ದರೂ ಅಲ್ಲಿ ಗಾಳಿಯಾಡುತ್ತಿತ್ತು. ಆ ಜಾಗ ನನ್ನದಾಗಬೇಕಿತ್ತು, ಅಕ್ಕನದಾಯಿತು. ಇಷ್ಟು ವರ್ಷಗಳಾದ ಮೇಲೂ ಇದನ್ನು ಬರೆಯುವಾಗ ಎದೆಯಲ್ಲಿ ಏನೋ ಚುರ್ ಎನ್ನುತ್ತದೆ.

ನಾವಿಬ್ಬರೂ ಬೇಲೂರಿನಲ್ಲೇ ಹುಟ್ಟಿ ಬೆಳೆದವರು. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಅಕ್ಕ ನನಗಿಂತ ಕುಳ್ಳು, ನನಗಿಂತ ಬಿಳುಪು, ಮಾತು ಬಹಳ ಕಡಿಮೆ. ಬಂದವರೆಲ್ಲ ಅವಳನ್ನು ಹೊಗಳಿ, ಆಮೇಲೆ ನನ್ನ ಕಡೆ ತಿರುಗಿ, ಇವಳು ಚೂಟಿ ಎನ್ನುತ್ತಿದ್ದರು. ಅಕ್ಕನಿಗೆ ಊರಿನಲ್ಲೇ ಗಂಡು ಸಿಕ್ಕಿತು. ಭಾವ ಶಾಲೆಯಲ್ಲಿ ಮೇಷ್ಟರು, ಮನೆತನಕ್ಕೆ ಗದ್ದೆಯೂ ಇತ್ತು. ನನ್ನನ್ನು ಹಳೇಬೀಡಿನ ಹತ್ತಿರದ ಹುಲಿಕೆರೆಯ ಮನೆಗೆ ಕೊಟ್ಟರು. ನನ್ನ ಗಂಡ ಅರಸೀಕೆರೆಯ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮದುವೆಯಾದ ಹೊಸದರಲ್ಲೇ, ಐವತ್ತರ ದಶಕದ ಶುರುವಿನಲ್ಲಿ, ನಾನು ಅರಸೀಕೆರೆಗೆ ಬಂದೆ.

ಅಲ್ಲಿ ನಾವಿದ್ದದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯ ಹಿಂಭಾಗದಲ್ಲಿ. ಮುಂದಿನ ಕೋಣೆಗಳ ತುಂಬ ಕೊಬ್ಬರಿ ಮೂಟೆ. ಆ ಜಿಡ್ಡು ವಾಸನೆ ನಮ್ಮ ಹಾಸಿಗೆಗೂ ಹತ್ತಿತ್ತು. ಒಗೆದು ಹರವಿದ ಬಟ್ಟೆಯ ಮೇಲೆ ರೈಲಿನ ಮಸಿ ಬಂದು ಕೂರುತ್ತಿತ್ತು. ಬಾವಿಯ ನೀರು ಎಷ್ಟು ಗಡಸೆಂದರೆ ಎಷ್ಟು ಸೌದೆ ಉರಿಸಿದರೂ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆಂದು ಆಚೆ ಬೀದಿಯಿಂದ ಕೊಡ ಹೊತ್ತು ತರಬೇಕಿತ್ತು. ಅಡುಗೆಮನೆಗೆ ಕಿಟಕಿಯಿರಲಿಲ್ಲ. ನಾನು ಉದ್ದ ಹೆಂಗಸು. ನೆಲದೊಲೆಯ ಮುಂದೆ ಬಗ್ಗಿ ಬಗ್ಗಿ ಮೊದಲ ಮಗು ಹುಟ್ಟುವ ಹೊತ್ತಿಗೇ ನನ್ನ ಸೊಂಟ ಹಿಡಿದುಕೊಂಡಿತ್ತು.

ಹಾಗಿರುವಾಗ ಒಂದು ಸಲ ರೈಲ್ವೆ ಅಧಿಕಾರಿಯೊಬ್ಬರ ಬಂಗಲೆಗೆ ಅವರ ಮಗುವಿನ ನಾಮಕರಣಕ್ಕೆ ಹೋದೆ. ಅಲ್ಲಿ ಒಲೆಗಳನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಅಡುಗೆಯವಳು ನೆಟ್ಟಗೆ ನಿಂತು ಕೆಲಸ ಮಾಡುತ್ತಿದ್ದಳು. ಎದುರಿಗೇ ಕಿಟಕಿ, ಕಿಟಕಿಯಾಚೆ ಕರಿಬೇವಿನ ಗಿಡ. ಮನೆಗೆ ಬಂದ ಮೇಲೂ ನನ್ನ ಕಣ್ಣಲ್ಲಿ ಅದೇ ಇತ್ತು. ಅಂದಿನಿಂದ ನಾನು ಮನಸ್ಸಿನಲ್ಲೇ ಮನೆ ಕಟ್ಟತೊಡಗಿದೆ. ನನ್ನ ಸೊಂಟದ ಎತ್ತರಕ್ಕೆ ಒಲೆಯ ಕಟ್ಟೆ. ಎದುರಿಗೆ ಪೂರ್ವದ ಕಿಟಕಿ. ನಡುಮನೆಯಲ್ಲಿ ಬೆಳಕಿಂಡಿ. ಹಿತ್ತಲ ಬಾಗಿಲ ಹೊರಗೆ ಒಂದು ಅಗಲವಾದ ಕಲ್ಲಿನ ಕಟ್ಟೆ, ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಒಬ್ಬಳೇ ಕೂರುವುದಕ್ಕೆ. ಬೇಸಗೆಯಲ್ಲಿ ಬೇಲೂರಿಗೆ ಹೋದಾಗಲೆಲ್ಲ ಅಕ್ಕ ಅಪ್ಪನ ಮನೆಗೆ ಬರುತ್ತಿದ್ದಳು. ಊಟವಾದ ಮೇಲೆ ಇಬ್ಬರೂ ಚಾಪೆಯ ಮೇಲೆ ಒರಗಿಕೊಂಡು, ನಾನು ನನ್ನ ಮನೆಯನ್ನು ಅವಳಿಗೆ ಹೇಳುತ್ತಿದ್ದೆ. ಅವಳು ಹೂಂಗುಟ್ಟುತ್ತಿದ್ದಳು. ಕೆಲವು ಸಲ, ಆ ಕಿಟಕಿಗೆ ಬಾಗಿಲು ಎರಡೋ ಒಂದೋ ಎಂದು ಕೇಳುತ್ತಿದ್ದಳು. ಅಷ್ಟು ಗಮನವಿಟ್ಟು ನನ್ನ ಮಾತು ಕೇಳುವವರು ಬೇರೆ ಯಾರೂ ಇಲ್ಲವೆಂದು ನನಗೆ ಹೆಮ್ಮೆಯಿತ್ತು.

ನಮ್ಮ ಮಾಲೀಕರು ಹಿಂಭಾಗವೂ ಕೊಬ್ಬರಿ ತುಂಬಲು ಬೇಕಾಗಬಹುದೆಂದು ಸೂಚಿಸಿದ ಮೇಲೆ ನನ್ನ ಗಂಡ ಜಾಗ ನೋಡುವ ಮಾತೆತ್ತಿದರು. ಮಾವನವರು ಹುಲಿಕೆರೆಯಿಂದ ಹೇಳಿಕಳಿಸಿದರು: ಮನೆಯ ಪಕ್ಕದಲ್ಲೇ ಹಿತ್ತಲಿದೆ, ಅಲ್ಲೇ ಕಟ್ಟಿಕೊಳ್ಳಿ, ಬೇರೆ ಜಾಗ ಯಾಕೆ ಅಂತ. ಊರಿನ ಕಲ್ಯಾಣಿ ಕೊಳಕ್ಕೆ ಹತ್ತಿರದ ಒಳ್ಳೆಯ ಜಾಗವೇ. ಆದರೆ ಅಲ್ಲಿ ಕಟ್ಟಿದರೆ ನನ್ನ ಅಡುಗೆಮನೆಯ ಒಗ್ಗರಣೆಯ ಸದ್ದು ಅತ್ತೆಯವರ ಜಗುಲಿಗೆ ಕೇಳಿಸುತ್ತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಲ್ಲಿಂದ ದಿನಾ ಅರಸೀಕೆರೆಯ ಆಫೀಸಿಗೆ ಹೋಗಿಬರುವುದು ಆಗುವುದಿಲ್ಲವೆಂದು ಇವರೇ ಬೇಡವೆಂದರು. ಆಮೇಲೆ, ಬಸ್ಸಿನ ಅನುಕೂಲವಾದರೂ ಇದೆಯೆಂದು, ಹಳೇಬೀಡಿನಲ್ಲಿ ಕೆರೆಯ ಹಿಂದೆ ಒಂದು ಜಾಗ ನೋಡಿದೆವು. ಎರೆಮಣ್ಣು. ಅಕ್ಕಪಕ್ಕದ ಮನೆಗಳ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು. ಇವರು ಆ ಬಿರುಕಿನಲ್ಲಿ ಬೆರಳಿಟ್ಟು ನೋಡಿ ಸುಮ್ಮನೆ ವಾಪಸು ಬಂದರು.

ನಾನು ಬೇಲೂರಿನ ದಿಬ್ಬದ ವಿಷಯ ತೆಗೆದದ್ದು ಆಗ. ಮಕ್ಕಳು ಅಲ್ಲಿ ಓದಲಿ, ನಾನೂ ಅಪ್ಪ ಅಮ್ಮನ ಹತ್ತಿರ ಇದ್ದ ಹಾಗಾಯಿತು, ನೀವು ಶನಿವಾರ ಜಾವಗಲ್ ಮೇಲೆ ಬರುವ ಬಸ್ಸು ಹತ್ತಿ ಬನ್ನಿ ಎಂದೆ. ವಾರವೆಲ್ಲ ಹೋಟೆಲ್ ಊಟ ಮಾಡುವುದನ್ನು ನೆನೆದು ಅವರ ಮುಖ ಸಣ್ಣಗಾಯಿತು. ಆದರೂ ನೋಡೋಣವೆಂದು ಬಂದರು. ಅಕ್ಕನೂ ನಮ್ಮ ಜೊತೆ ಬಂದಳು. ಅವಳಿಗೆ ಅವತ್ತು ಬೇರೆ ಕೆಲಸವಿರಲಿಲ್ಲ ಎಂದು ನಾನು ತಿಳಿದಿದ್ದೆ.

ಜಾಗದ ಯಜಮಾನರು ಹೊಳೆಯ ಕಡೆ ಗದ್ದೆ ಮಾಡುತ್ತಿದ್ದ ವಯಸ್ಸಾದ ಗೌಡರು. ಅಪ್ಪನ ಪರಿಚಯದವರು. ನಾನು ಗರಿಕೆಯ ಮೇಲೆ ಓಡಾಡಿ, ಇಲ್ಲಿ ನಡುಮನೆ, ಇಲ್ಲಿ ಅಡುಗೆಮನೆ ಎಂದು ಕೈಯಲ್ಲೇ ತೋರಿಸಿದೆ. ಇವರು ನನ್ನ ಹಿಂದೆ ಹಿಂದೆ ಬಂದು, ಬಾಗಿಲು ಯಾವ ಕಡೆಗಿದ್ದರೆ ನಿನಗೆ ಸರಿ, ಹೊಳೆ ಕಡೆಗೋ ಊರ ಕಡೆಗೋ ಎಂದು ಕೇಳಿದರು. ಹೊಳೆ ಕಡೆಗೆ ಎಂದೆ. ಅಕ್ಕ ನೇರಳೆ ಮರದ ಕೆಳಗೆ ನಿಂತು ನಮ್ಮಿಬ್ಬರನ್ನು ನೋಡುತ್ತಿದ್ದಳು.

ಹೊರಡುವಾಗ ಗೌಡರು, "ನಿಮ್ಮಪ್ಪಾರ ಮಗಳು ಕಟ್ಕೊಂಡ್ರೆ ನಂಗೂ ಸಂತೋಸ್ವೆ ಕಣವ್ವ. ನಿಧಾನ್ವಾಗಿ ಯೋಚ್ನೆ ಮಾಡಿ ಯೋಳಿ, ಅವಸ್ರ ಏನೈತೆ" ಎಂದರು.

ನಾವು ನಿಧಾನವಾಗಿಯೇ ಯೋಚನೆ ಮಾಡಿದೆವು. ಆಫೀಸಿನಲ್ಲಿ ಇವರಿಗೆ ವರ್ಗವಾಗುವ ಸುದ್ದಿ ಹಬ್ಬಿತು. ದೂರಕ್ಕೆ ವರ್ಗವಾದರೆ ತಾನೊಂದೂರು, ಹೆಂಡತಿ ಮಕ್ಕಳು ಇನ್ನೊಂದೂರು, ಶನಿವಾರ ಬರುವುದೂ ಆಗುವುದಿಲ್ಲ ಎಂದು ಇವರು ಹಿಂಜರಿದರು. ನಾನು ದಿನಾ ಒತ್ತಾಯಿಸಿದೆ. ದೀಪಾವಳಿ ಕಳೆಯಲಿ ಎಂದರು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಲಿ ಎಂದರು.

ಸಂಕ್ರಾಂತಿಗೆ ಅಪ್ಪ ಅರಸೀಕೆರೆಗೆ ಬಂದರು. ಎಳ್ಳುಬೆಲ್ಲ, ಹೊಸ ಅಕ್ಕಿ ತಂದಿದ್ದರು. ಕಾಲು ತೊಳೆದು ಕೂತವರು, ಅಕ್ಕನ ಮನೆಯವರು ಹೊಳೆಯ ದಿಬ್ಬ ತಗೊಂಡರು, ಗುದ್ದಲಿ ಪೂಜೆಗೆ ದಿನ ನೋಡುತ್ತಿದ್ದಾರೆ ಎಂದು ಸಂತೋಷದಿಂದ ಹೇಳಿದರು. ಅವರಿಗೆ ಇಬ್ಬರೂ ಮಕ್ಕಳೇ. ಬೇರೆ ಯಾರೋ ಕೊಳ್ಳುವವರಿದ್ದರಂತೆ, ದಿಬ್ಬ ಮನೆಯಲ್ಲೇ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡರು. ನಾನು ಒಳಗೆ ಹೋಗಿ ಆ ಕತ್ತಲೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತೆ. ಅಳು ಬರಲಿಲ್ಲ. ಆಮೇಲೆ ಎದ್ದು ಅಪ್ಪನಿಗೆ ಕಾಫಿ ಮಾಡಿ ಕೊಟ್ಟೆ.

ಗುದ್ದಲಿ ಪೂಜೆಗೆ ಹೋಗಲಿಲ್ಲ. ಮಗುವಿಗೆ ಜ್ವರ ಎಂದು ಹೇಳಿಕಳಿಸಿದೆ. ಆಮೇಲೆ ಬೇಸಗೆಗೂ ಹೋಗಲಿಲ್ಲ. ಆದರೆ ಮನೆ ಎಷ್ಟೆತ್ತರ ಬಂತು, ಮಂಗಳೂರು ಹೆಂಚು ಬಂತೋ ಇಲ್ಲವೋ ಎಂದು ಬೇಲೂರಿನಿಂದ ಬಂದವರನ್ನೆಲ್ಲ ವಿಚಾರಿಸುತ್ತಿದ್ದೆ. ಚೆನ್ನಾಗಿ ಬರುತ್ತಿದೆ ಎಂದರೆ ಆ ದಿನ ಊಟ ಸೇರುತ್ತಿರಲಿಲ್ಲ. ಗೋಡೆ ಸೊಟ್ಟಗಿದೆಯಂತೆ ಎಂದು ಯಾರಾದರೂ ಅಂದರೆ ಅವರಿಗೆ ಇನ್ನೊಂದು ಲೋಟ ಕಾಫಿ ಸಿಗುತ್ತಿತ್ತು.

ಗೃಹಪ್ರವೇಶಕ್ಕೆ ಹೋಗಲೇಬೇಕಾಯಿತು. ಹೊಸಿಲು ದಾಟಿದೆ. ನಡುಮನೆಯಲ್ಲಿ ಬೆಳಕಿಂಡಿ. ನಾನು ನಿಂತಲ್ಲೇ ನಿಂತೆ. ಒಳಗೆ ಹೋದರೆ ಪೂರ್ವಕ್ಕೆ ಕಿಟಕಿ, ಎರಡು ಬಾಗಿಲಿನದು, ನಾನು ಹೇಳಿದಂಥದೇ. ಕಿಟಕಿಯ ಮುಂದೆ ಒಲೆಯ ಕಟ್ಟೆ. ಹಿತ್ತಲ ಬಾಗಿಲು ತೆರೆದರೆ ಅಗಲವಾದ ಕಲ್ಲಿನ ಕಟ್ಟೆ, ಅಲ್ಲಿಂದ ಕೆಳಗೆ ಹೊಳೆ. ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಓಡಾಡಿದ್ದ ಮನೆಯೊಳಗೆ ನೆಂಟರ ಹಾಗೆ ಬಾಗಿನ ಹಿಡಿದು ನಿಂತಿದ್ದೆ.

ಅಕ್ಕ ಹಾಲುಕ್ಕಿಸುವುದಕ್ಕೆ ಬಂದಳು. ಕಟ್ಟೆ ಅವಳ ಎದೆಯ ಹತ್ತಿರಕ್ಕೆ ಬರುತ್ತಿತ್ತು. ನನ್ನ ಸೊಂಟದ ಎತ್ತರವೆಂದು ನಾನು ಕೈಯಿಟ್ಟು ತೋರಿಸಿದ್ದನ್ನು ಹಾಗೇ ಕಟ್ಟಿಸಿದ್ದಳು. ಅವಳು ಊಟದ ಮಣೆಯೊಂದನ್ನು ಕಾಲಿನಿಂದ ಎಳೆದು, ಅದರ ಮೇಲೆ ಹತ್ತಿ ನಿಂತು ಹಾಲಿನ ಪಾತ್ರೆ ಇಟ್ಟಳು.

"ಸ್ವಲ್ಪ ಎತ್ತರ ಆಯ್ತು ಕಣೇ" ಎಂದಳು, ನನ್ನ ಮುಖ ನೋಡದೆ.

ಮಧ್ಯಾಹ್ನ ಅಡುಗೆಯವರಿಗೆ ಕೈಜೋಡಿಸಲು ನಾನೇ ಹೋಗಿ ಆ ಕಟ್ಟೆಯ ಮುಂದೆ ನಿಂತೆ. ಬೆನ್ನು ನೋಯಲಿಲ್ಲ. ಕಿಟಕಿಯಿಂದ ಹೊಳೆಯ ಗಾಳಿ ಮುಖಕ್ಕೆ ಬರುತ್ತಿತ್ತು. ಹುಳಿಗೆ ಉಪ್ಪು ಹಾಕುತ್ತಾ, ಈ ಮನೆಗೆ ಬೆಂಕಿ ಬೀಳಬಾರದೇ ಅಂತ ಒಂದು ಗಳಿಗೆ ಅನಿಸಿತು. ಅದೇ ಗಳಿಗೆಯಲ್ಲಿ, ಬಿದ್ದರೆ ಈ ಕಟ್ಟೆಯೂ ಹೋಗುತ್ತದಲ್ಲ ಎಂದು ಸಂಕಟವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ನನ್ನ ಜೊತೆ ಮಾತಾಡಲು ಹೆದರಿ ಜಾವಗಲ್‌ವರೆಗೆ ಕಿಟಕಿಯಾಚೆ ನೋಡುತ್ತಿದ್ದರು. ಅರಸೀಕೆರೆ ಬಂದ ಮೇಲೆ, ಈಗ ಎಲ್ಲಿ ಬೇಕಾದರೂ ಸರಿ, ನೀನು ಹೇಳಿದ ಕಡೆ ತಗೊಳ್ಳೋಣ ಎಂದರು. ಅವರ ವರ್ಗದ ಸುದ್ದಿಯೂ ಸುಳ್ಳಾಗಿತ್ತು.

ನಾನು ಅರಸೀಕೆರೆಯಲ್ಲೇ ಎಂದೆ. ಬೇಲೂರಿನಲ್ಲಿ ಅಕ್ಕನ ಮನೆಯನ್ನು ನೋಡಿಕೊಂಡು ಇನ್ನೊಂದು ಬೀದಿಯಲ್ಲಿರುವುದು ನನ್ನಿಂದ ಆಗುತ್ತಿರಲಿಲ್ಲ. ಈ ಸಲ ನೋಟ, ಗಾಳಿ, ಹೊಳೆ ಯಾವುದನ್ನೂ ನಾನು ಕೇಳಲಿಲ್ಲ. ಎಲ್ಲಿ ಜಾಗವಿದೆ ಎಂದರೂ ಅದರ ಪಕ್ಕದ ಬಾವಿಯಿಂದ ಒಂದು ಬಿಂದಿಗೆ ನೀರು ತರಿಸಿ, ಮನೆಯಲ್ಲಿ ಬೇಳೆ ಬೇಯಿಸಿ ನೋಡುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಜಾಗ ಎಲ್ಲರಿಗೂ ಇಷ್ಟವಾಗಿತ್ತು; ಬೇಳೆ ಕಲ್ಲಿನ ಹಾಗೇ ಉಳಿಯಿತು. ಸಂತೆ ಮಾಳದ ಆಚೆಗಿನದರಲ್ಲಿ ನೀರು ಉಪ್ಪು. ಹೀಗೆ ಒಂದೊಂದೇ ಬಿಟ್ಟುಬಂದೆವು. ನನಗೆ ಹುಚ್ಚು ಹಿಡಿದಿದೆ ಎಂದು ಮಾಲೀಕರ ಹೆಂಡತಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಕೊನೆಗೆ ರೈಲು ಹಳಿಯ ಆಚೆ, ತೆಂಗಿನ ತೋಟವೊಂದರ ಅಂಚಿನಲ್ಲಿ ಉದ್ದನೆಯ ಪಟ್ಟಿಯಂಥ ಜಾಗ ಸಿಕ್ಕಿತು. ನೋಡುವುದಕ್ಕೆ ಏನೂ ಇಲ್ಲ. ಒಂದು ಕಡೆ ತೆಂಗಿನ ಸಾಲು, ಇನ್ನೊಂದು ಕಡೆ ತೆಂಗಿನ ಸಿಪ್ಪೆಯ ರಾಶಿ. ರೈಲುಗಾಡಿ ಹೋದಾಗಲೆಲ್ಲ ನೆಲ ನಡುಗುತ್ತಿತ್ತು. ತೋಟದವರು ನೀರು ಸೇದಿ ಕೊಟ್ಟು, "ಕುಡ್ದು ನೋಡಿ ಅಮ್ಮಾವ್ರೆ, ಎಳನೀರು ಇದ್ದಂಗೈತೆ" ಎಂದರು. ಅವರ ಮಾತಿಗೆ ಒಪ್ಪದೆ ಮನೆಗೆ ತಂದು ಬೇಯಿಸಿದೆ. ಬೇಳೆ ಅರಳಿ ಬೆಣ್ಣೆಯ ಹಾಗಾಯಿತು. ಈ ಜಾಗ ಅಕ್ಕನಿಗೆ ಯಾವತ್ತೂ ಬೇಕೆನಿಸುವುದಿಲ್ಲ ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಇದನ್ನೇ ತಗೊಳ್ಳಿ ಎಂದೆ.

ತಳಪಾಯ ಎದ್ದ ಮೇಲೆ ಅಕ್ಕ ಅರಸೀಕೆರೆಗೆ ಬಂದಳು. ನಾದಿನಿಯ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೊರಟಿದ್ದಳು. ರೈಲು ಹತ್ತುವುದಕ್ಕೆ ನಮ್ಮೂರಿಗೇ ಬರಬೇಕಲ್ಲ. ಗಾಡಿಗೆ ಹೊತ್ತಿತ್ತು. ಜಾಗ ತೋರಿಸು ಎಂದಳು. ಕರೆದುಕೊಂಡು ಹೋದೆ. ಅವಳು ಸೆರಗು ಎತ್ತಿಕೊಂಡು ತಳಪಾಯದ ಕಲ್ಲುಗಳ ಮೇಲೆ ನಡೆದು, ಅಡುಗೆಮನೆಯ ಜಾಗದಲ್ಲಿ ನಿಂತಳು. ಯಾವುದು ಏನೆಂದು ನಾನು ಹೇಳಬೇಕಾಗಲಿಲ್ಲ.

"ಹಾಗೇ ಕಟ್ಟಿಸ್ತಿದ್ದೀಯ" ಎಂದಳು.

"ಇನ್ನೆಂಗೆ ಕಟ್ಟಿಸ್ಲಿ? ನಂಗೆ ಗೊತ್ತಿರೋದು ಅದೊಂದೇ ಮನೆ" ಎಂದೆ. ಇಷ್ಟು ದಿನ ತಡೆದದ್ದು ಆಗ ತಡೆಯಲಿಲ್ಲ. "ದಿಬ್ಬ ಯಾಕೆ ತಗೊಂಡೆ ಅಕ್ಕ? ನಂಗೆ ಬೇಕು ಅಂತ ನಿಂಗೆ ಗೊತ್ತಿತ್ತು."

ಬೇರೆ ಯಾರೋ ಕೊಳ್ಳುವವರಿದ್ದರು, ಮನೆಯಲ್ಲೇ ಉಳಿಯಲಿ ಅಂತ ತಗೊಂಡೆವು ಎನ್ನುತ್ತಾಳೆ ಎಂದುಕೊಂಡಿದ್ದೆ. ಅಪ್ಪ ಹಾಗೆಯೇ ಹೇಳಿದ್ದರು. ಅವಳು ಕಲ್ಲಿನ ಮೇಲೆ ಕೂತಳು.

"ಅವತ್ತು ನಿನ್ನ ಗಂಡ ನಿನ್ನ ಹಿಂದೆ ಹಿಂದೆ ಬಂದು ಬಾಗಿಲು ಯಾವ ಕಡೆಗಿರಲಿ ಅಂತ ಕೇಳಿದ್ರಲ್ಲ" ಎಂದಳು. "ನನ್ನ ಯಾರೂ ಯಾವತ್ತೂ ಏನೂ ಕೇಳಿಲ್ಲ ಕಣೇ. ಸೀರೆ ಬಣ್ಣ ಕೂಡ. ಮನೆಗೆ ಹೋಗಿ ನಿಮ್ಮ ಭಾವನಿಗೆ ದಿಬ್ಬದ ವಿಷಯ ಹೇಳ್ದೆ. ನೀನು ಹೇಳಿದ್ದ ಮನೇನೂ ಹೇಳ್ದೆ, ಒಂದೂ ಬಿಡದ ಹಾಗೆ. ನಂದೇ ಅನ್ನೋ ಹಾಗೆ ಹೇಳ್ದೆ. ಅವರು ನನ್ನ ಮಾತು ಕೊನೇವರೆಗೂ ಕೇಳಿದ್ದು ಅವತ್ತೇ."

"ಅದಕ್ಕೆ ನನ್ನ ಜಾಗ ಕಿತ್ಕೊಂಡ್ಯಾ?"

"ಹೂಂ" ಎಂದಳು.

ಅವಳು ಅತ್ತಿದ್ದರೆ, ತಪ್ಪಾಯಿತು ಎಂದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹಳಿಯ ಕಡೆ ನೋಡುತ್ತಾ ಕೂತಿದ್ದಳು. ನನಗೆ ಸಿಟ್ಟು ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು, ಅದಕ್ಕೆ ಸಂತೋಷವೆಂದೇ ಹೇಳಬೇಕು. ಹುಟ್ಟಿದಾಗಿನಿಂದ ನಾನು ಯಾರ ಬಿಳುಪು, ಯಾರ ಗದ್ದೆ, ಯಾರ ಊರು ನೋಡಿ ಕರುಬಿದ್ದೆನೋ ಆ ಅಕ್ಕ ನನ್ನನ್ನು ನೋಡಿ ಕರುಬಿದ್ದಳು. ಅದೂ ಯಾತಕ್ಕೆ? ದೀಪಾವಳಿ ಸಂಕ್ರಾಂತಿ ಎಂದು ದಿನ ತಳ್ಳಿ ನನ್ನ ಜಾಗ ಕಳೆದ ಗಂಡನಿಗಾಗಿ. ನಾನು ಒಂದು ವರ್ಷದಿಂದ ಆ ಗಂಡನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಗಾಡಿಗೆ ಹೊತ್ತಾಗುತ್ತದೆ ಎಂದೆ. ಇಬ್ಬರೂ ಹಳಿಯ ಪಕ್ಕದಲ್ಲೇ ಸ್ಟೇಷನ್ನಿಗೆ ನಡೆದೆವು. ಅವಳ ಬುತ್ತಿಯ ಗಂಟು ನಾನೇ ಹಿಡಿದುಕೊಂಡಿದ್ದೆ.

ಆ ಸಂಜೆ ಇವರು ಆಫೀಸಿನಿಂದ ಬಂದು, ಮುಂಬಾಗಿಲು ತೋಟದ ಕಡೆಗಿರಲೋ ಹಳಿ ಕಡೆಗಿರಲೋ ಎಂದು ಎಂದಿನ ಹಾಗೆ ಕೇಳಿದರು. ನಾನು ಉತ್ತರ ಕೊಡುವುದಕ್ಕೆ ಮುಂಚೆ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದೆ. ಯಾಕೆ, ಏನಾಯಿತು ಎಂದರು. ಏನಿಲ್ಲ, ತೋಟದ ಕಡೆಗೇ ಇರಲಿ ಎಂದೆ.

ಮಳೆಗಾಲಕ್ಕೆ ಮುಂಚೆ ಮನೆ ಮುಗಿಯಿತು. ಗೃಹಪ್ರವೇಶಕ್ಕೆ ಬೇಲೂರು, ಹುಲಿಕೆರೆ ಎರಡೂ ಕಡೆಯಿಂದ ಜನ ಬಂದರು. ಒಲೆಯ ಕಟ್ಟೆ, ಬೆಳಕಿಂಡಿ ನೋಡಿದವರೆಲ್ಲ ಒಂದೇ ಮಾತು ಹೇಳಿದರು. ನಮ್ಮ ಸೋದರತ್ತೆಯಂತೂ ನಡುಮನೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ಅಕ್ಕನ ಮನೆ ನೋಡಿಕೊಂಡೇ ಕಟ್ಟಿಸಿದ್ದಾಳೆ, ಒಂದೂ ವ್ಯತ್ಯಾಸವಿಲ್ಲ ಎಂದು ನಕ್ಕರು. ಅಕ್ಕ ಅಲ್ಲೇ ಎಲೆ ಹಾಕುತ್ತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ಮುಂದಿನ ಎಲೆ ಒರೆಸಿ ಹಾಕಿದಳು.

ಬಂದವರೆಲ್ಲ ಹೋದ ಮೇಲೆ ಅಕ್ಕ ಕೆಲವು ದಿನ ಉಳಿದಳು. ಮಾರನೆಯ ದಿನ ಇಬ್ಬರೂ ಬಾವಿಕಟ್ಟೆಯ ಹತ್ತಿರ ಕಂಚಿನ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚುತ್ತಿದ್ದಾಗ ಕೇಳಿದೆ, ನಿನ್ನೆ ಸೋದರತ್ತೆ ಹಾಗೆ ಅಂದಾಗ ನೀನು ಯಾಕೆ ಒಂದು ಮಾತು ಹೇಳಲಿಲ್ಲ ಎಂದು.

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ಆ ಮನೇಲಿ ನಂದು ಅಂತ ಏನುಳೀತಿತ್ತು?" ಎಂದಳು.

ಅವಳು ತೊಳೆದು ಕೊಟ್ಟದ್ದನ್ನು ನಾನು ಬಿಸಿಲಿಗೆ ಬೋರಲು ಹಾಕುತ್ತಾ ಹೋದೆ. ಅವಳಿಗೆ ನಮ್ಮ ಮನೆಯ ತೆಂಗಿನ ನೆರಳು ಬಹಳ ಹಿಡಿಸಿತು. ಮಧ್ಯಾಹ್ನ ಗಾಡಿ ಹೋದಾಗ ಕಿಟಕಿ ಗಡಗಡ ಅಂದರೆ ಚಿಕ್ಕ ಹುಡುಗಿಯ ಹಾಗೆ ಎದ್ದು ಹೋಗಿ ರೈಲಿನ ಡಬ್ಬಿ ಎಣಿಸುತ್ತಿದ್ದಳು. ಅದನ್ನು ನೋಡಿ ನನಗೆ, ಇದೂ ಇವಳಿಗೆ ಬೇಕಾಗುತ್ತದೇನೋ ಎಂದು ಒಳಗೊಳಗೇ ಭಯವಾಗುತ್ತಿತ್ತು.

ಅವಳು ಹೊರಟ ದಿನ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ತೆಂಗಿನಕಾಯಿ ಚೀಲ ಹಾಕಿಕೊಟ್ಟೆ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು. ಮನೆಗೆ ಬಂದಾಗ ಇವರು, ಅಕ್ಕ ಮತ್ತೆ ಯಾವಾಗ ಬರುತ್ತಾರಂತೆ ಎಂದರು. ಬೇಸಗೆಗೆ ಬರುತ್ತಾಳೆ, ಬರದಿದ್ದರೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಸಿಟ್ಟಿನಿಂದಲೇ ಹೇಳಿ ಒಳಗೆ ಹೋದೆ.